ಲೋಹ ಬೇಡವೆಂದ ಜಲಜನಕ

ಹಳದಿ ಬಣ್ಣದ ಡಾಲ್ಡಾ ಡಬ್ಬಿ ಹಿರಿಯರಿಗೆ ನೆನಪಿರಬೇಕು. ಎಣ್ಣೆಗೆ ಜಲಜನಕ ಸೇರಿಸಿ ತುಪ್ಪದ ಹಾಗೆ ಗಟ್ಟಿ ಮಾಡಿದ ಪದಾರ್ಥ ಅದು. ಆ ಕೆಲಸ ಮಾಡಿಸುತ್ತಿದ್ದುದು ನಿಕ್ಕಲ್ ಪುಡಿ. ನಿಕ್ಕಲಿನ ಈ ಗುಣವನ್ನು 1897ರಲ್ಲಿ ಕಂಡುಕೊಂಡ ಫ್ರಾನ್ಸಿನ ಪಾಲ್ ಸಬಾಟಿಯೇ ಅವರಿಗೆ 1912ರಲ್ಲಿ ನೊಬೆಲ್ ಬಂತು.

ಜಲಜನಕದ ಎರಡು ಪರಮಾಣುಗಳನ್ನು ಬೇರ್ಪಡಿಸಲು ಒಂದು ಮೋಲ್‌ಗೆ ಸುಮಾರು 436 ಕಿಲೋಜೂಲ್ ಶಕ್ತಿ ಬೇಕು. ನಿಕ್ಕಲ್, ಪಲಾಡಿಯಂ, ಪ್ಲಾಟಿನಂಗಳಂಥ ಕ್ರಿಯಾವರ್ಧಕಗಳು, ಅಂದರೆ ತಾವು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುಗಳು, ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆಯಿಂದ ಆ ಬಂಧವನ್ನು ಸಡಿಲಿಸುತ್ತವೆ. ಲೋಹವಿಲ್ಲದೆ ಇದು ಸಾಧ್ಯವಿಲ್ಲ ಎಂದೇ ಬಹುಕಾಲ ಪಾಠ ಹೇಳಲಾಗುತ್ತಿತ್ತು.

ನಮ್ಮ ದೇಶದಲ್ಲೂ ಈ ಕ್ರಿಯಾವರ್ಧಕ ವಿದ್ಯೆಯ ಅಭ್ಯಾಸ ನಡೆದಿತ್ತು; ಚೆನ್ನೈಗೆ ಅದು ಬಂದದ್ದು ಬೆಂಗಳೂರಿನ ದಾರಿಯಾಗಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ.ಸಿ. ಘೋಷ್ ಅವರೊಡನೆ ಕ್ರಿಯಾವರ್ಧಕಗಳ ಮೇಲೆ ಜಲಜನಕ ಹೇಗೆ ಅಂಟಿಕೊಳ್ಳುತ್ತದೆ ಎಂದು ಅಭ್ಯಸಿಸಿದ ಎಂ.ವಿ.ಸಿ. ಶಾಸ್ತ್ರಿಗಳು ಮುಂದೆ ಐಐಟಿ ಮದರಾಸಿನ ರಸಾಯನ ವಿಭಾಗವನ್ನು ಕಟ್ಟಿದರು. ಆ ಸಂಸ್ಥೆ ಜರ್ಮನಿಯ ನೆರವಿನಿಂದ 1959ರಲ್ಲಿ ಆರಂಭವಾಗಿತ್ತು. 2006ರಲ್ಲಿ ಅಲ್ಲಿಯೇ ಬಿ. ವಿಶ್ವನಾಥನ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕ್ರಿಯಾವರ್ಧಕ ಸಂಶೋಧನಾ ಕೇಂದ್ರ ಶುರುವಾಯಿತು.

ಅದೇ 2006ರಲ್ಲಿ ಕೆನಡಾದ ಡಗ್ಲಸ್ ಸ್ಟೀಫನ್ ತಂಡ ಹಳೆಯ ಪಾಠವನ್ನು ಬುಡಮೇಲು ಮಾಡಿತು. ಎಲೆಕ್ಟ್ರಾನ್ ಕೊಡುವ ರಂಜಕ, ತೆಗೆದುಕೊಳ್ಳುವ ಬೋರಾನ್. ಎದುರಾದರೆ ಇವು ಕೂಡಿಕೊಳ್ಳಬೇಕು. ಆದರೆ ಎರಡರ ಸುತ್ತಲೂ ದಪ್ಪ ದಪ್ಪ ಗುಂಪುಗಳನ್ನು ಕಟ್ಟಿದರೆ, ದೊಡ್ಡ ಛತ್ರಿ ಹಿಡಿದ ಇಬ್ಬರಂತೆ ಅವು ಹತ್ತಿರ ಬರಲಾರವು. ಆ ಸಂದಿಯಲ್ಲಿ ನುಸುಳಿದ ಜಲಜನಕ ಒಡೆಯುತ್ತದೆ. ಸ್ಟೀಫನ್ ಅವರ ಸಂಯುಕ್ತ ಕೋಣೆಯ ಉಷ್ಣತೆಯಲ್ಲೇ ಜಲಜನಕವನ್ನು ಹಿಡಿದು, 100 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದಾಗ ಬಿಟ್ಟುಕೊಟ್ಟಿತು. ಮರುವರ್ಷವೇ ಇಂಥ ಜೋಡಿಗಳು ಕ್ರಿಯಾವರ್ಧಕವಾಗಿ ದುಡಿದವು.

ಒಡೆಯುವ ಗಳಿಗೆ ಹೇಗಿರುತ್ತದೆ? ಅದನ್ನು ಯಾವ ಉಪಕರಣವೂ ಹಿಡಿದು ನಿಲ್ಲಿಸಲಾರದು, ಲೆಕ್ಕವೇ ಗತಿ. ವಾಲ್ಟರ್ ಕೋನ್ 1960ರ ದಶಕದಲ್ಲಿ ಅಡಿಪಾಯ ಹಾಕಿದ, 1998ರಲ್ಲಿ ನೊಬೆಲ್ ಗಳಿಸಿದ ಎಲೆಕ್ಟ್ರಾನ್ ಸಾಂದ್ರತಾ ಸಿದ್ಧಾಂತ ಇಲ್ಲಿ ಕೈಹಿಡಿಯಿತು. ಜೋಡಿಯ ಎರಡೂ ಅಣುಗಳು ಮೊದಲೇ ಸಡಿಲವಾಗಿ ಜೊತೆಗೂಡಿ, ಒಂದು ಕಡೆಯಿಂದ ಎಲೆಕ್ಟ್ರಾನ್ ಕೊಟ್ಟು ಇನ್ನೊಂದು ಕಡೆಯಿಂದ ತೆಗೆದುಕೊಂಡು ಬಂಧ ಮುರಿಯುತ್ತವೆ ಎಂದು ಬುಡಾಪೆಸ್ಟಿನ ಇಮ್ರೆ ಪಾಪಾಯ್ ತಂಡ 2008ರಲ್ಲಿ ತೋರಿಸಿತು. ಅಲ್ಲ, ಸಂದಿಯಲ್ಲಿರುವ ವಿದ್ಯುತ್ ಕ್ಷೇತ್ರವೇ ಮುರಿಯುತ್ತದೆ ಎಂದು 2010ರಲ್ಲಿ ಜರ್ಮನಿಯ ಸ್ಟೆಫಾನ್ ಗ್ರಿಮ್ಮೆ ತಂಡ ವಾದಿಸಿತು. ಈ ವಾದದಿಂದ ಲಾಭವೇ ಆಯಿತು. ದೊಡ್ಡ ಅಣುಗಳನ್ನು ಹತ್ತಿರ ಹಿಡಿದಿಡುವ ದುರ್ಬಲ ಸೆಳೆತವನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಉತ್ತರ ದಾರಿ ತಪ್ಪುತ್ತದೆ ಎಂಬುದು ಎಲ್ಲರಿಗೂ ಮನದಟ್ಟಾಯಿತು.

ಪಲಾಡಿಯಂ ದುಬಾರಿ; ಔಷಧಿಯಲ್ಲಿ ಉಳಿದ ಅದರ ಅಂಶವನ್ನು ತೆಗೆಯುವುದೂ ಖರ್ಚಿನ ಕೆಲಸ. ಆದರೂ ಕಾರ್ಖಾನೆಗಳಲ್ಲಿ ಇಂದಿಗೂ ಲೋಹದ್ದೇ ರಾಜ್ಯ, ಏಕೆಂದರೆ ಬೋರಾನಿನ ಈ ಜೋಡಿಗಳಲ್ಲಿ ಹಲವು ತೇವ ತಗುಲಿದರೆ ಕೆಡುತ್ತವೆ. ನೀರಿಗೂ ಜಗ್ಗದ ಜೋಡಿ ಯಾವುದು ಎಂದು ಮೊದಲು ಲೆಕ್ಕ ಹಾಕಿ, ಆಮೇಲೆ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕಾಗಿದೆ. ರಸಾಯನ ಓದುವ ಮಕ್ಕಳೇ, ಗಾಜಿನ ಬುರುಡೆಯ ಜೊತೆಗೆ ಗಣಿತವನ್ನೂ ಕಂಪ್ಯೂಟರನ್ನೂ ಕಲಿಯಿರಿ. ಈ ಕ್ಷೇತ್ರಕ್ಕೆ ಎರಡೂ ಬಲ್ಲವರು ಬೇಕಾಗಿದ್ದಾರೆ.