ಗಾಡಿ ಹಿಡಿಯೋಕೆ ಬಂದವನು ಯಾರು?

(ಬಳ್ಳಾರಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ಕಾನೂನು ಅಂದಕೂಡಲೆ ನಮಗೆ ಸಂವಿಧಾನ, ಮೀಸಲಾತಿ, ದೌರ್ಜನ್ಯ ತಡೆ ಕಾಯ್ದೆ ಇವೇ ನೆನಪಾಗ್ತವೆ. ಇವತ್ತು ಅದಕ್ಕಿಂತ ಸಣ್ಣದು ಅಂತ ಕಾಣುವ ವಿಷಯ ಎತ್ತಿಕೊಂಡಿದ್ದೀನಿ. ನಿಮ್ಮಲ್ಲಿ ಸಿರುಗುಪ್ಪ ಕಡೆಯವರಿದ್ದೀರಿ. ಅಪ್ಪ ರೈಸ್‌ಮಿಲ್ಲಿಗೆ ಭತ್ತ ಹೊಡೆಯುವ ಗಾಡಿ ಇಟ್ಟುಕೊಂಡಿರಬಹುದು. ಕುರುಗೋಡಿನವರಿದ್ದೀರಿ, ಅಣ್ಣ ಬಳ್ಳಾರಿಗೆ ಆಟೋ ಹೊಡೀತಿರಬಹುದು. ಇಲ್ಲೇ ಕೌಲ್‌ಬಜಾರಿನವರ ಮನೆಯಲ್ಲಿ ತಾಯಿ ಜೀನ್ಸ್ ಹೊಲಿದು ಬೈಕಿನ ಕಂತು ಕಟ್ಟುತ್ತಿರಬಹುದು. ಮನೆಯ ಗಂಜಿ ಆ ಗಾಲಿಗಳ ಮೇಲೆ ನಿಂತಿದೆ. ಒಂದು ದಿನ ಊರಿಂದ ಫೋನ್ ಬರುತ್ತೆ: ಗಾಡಿ ಎಳಕೊಂಡು ಹೋದ್ರು. ಯಾರು ಅಂತ ಕೇಳಿದ್ರೆ, "ಯಾರೋ ಕೋರ್ಟಿನವರಂತೆ". ಆ "ಅಂತೆ"ಯಲ್ಲೇ ನಮ್ಮ ಅರ್ಧ ಸೋಲು ಅಡಗಿದೆ. ಮನೆಯಲ್ಲಿ ಓದಿದವನು ನೀನೊಬ್ಬನೇ. ಆದ್ದರಿಂದ ಆ ಫೋನ್ ನಿನಗೇ ಬರೋದು.

ಬಂದವರು ಮೂರು ಥರದವರಾಗಿರ್ತಾರೆ. ಒಬ್ಬ ಕೋರ್ಟಿನ ಅಮೀನ, ಅಂದರೆ ಬೇಲಿಫ್. ಇನ್ನೊಬ್ಬ ಫೈನಾನ್ಸ್ ಕಂಪನಿಯ ಸೀಜಿಂಗ್ ಹುಡುಗ. ಮೂರನೆಯವರು ಪೊಲೀಸರು ಇಲ್ಲವೇ ಆರ್‌ಟಿಓ. ಮೂವರ ಅಧಿಕಾರವೂ ಬೇರೆ ಬೇರೆ, ಮೂವರಿಗೆ ಕೊಡಬೇಕಾದ ಉತ್ತರವೂ ಬೇರೆ ಬೇರೆ. ಇದನ್ನ ಕಲಸಿಕೊಂಡರೆ ಅಮೀನನ ಮೇಲೆ ಕೈ ಮಾಡಿ ಜೈಲಿಗೆ ಹೋಗ್ತೀವಿ, ಸೀಜಿಂಗ್ ಹುಡುಗನಿಗೆ ಕೈ ಮುಗಿದು ಕೀಲಿ ಕೊಟ್ಟು ಕಳಿಸ್ತೀವಿ.

ಮೊದಲು ಅಮೀನ. ಅವನು ತಾನಾಗಿ ಬರೋನಲ್ಲ. ಯಾರೋ ದಾವಾ ಹಾಕಿ ಡಿಕ್ರಿ ತಗೊಂಡು, ಆಮೇಲೆ ಅದರ ಜಾರಿಗೆ ಅರ್ಜಿ ಹಾಕಿರ್ತಾರೆ. ಕೋರ್ಟು ಜಪ್ತಿ ವಾರೆಂಟ್ ಕೊಟ್ಟು ಅವನನ್ನ ಕಳಿಸಿರುತ್ತೆ. ಆ ಕಾಗದಕ್ಕೆ ತಾರೀಖು, ಸಹಿ, ಕೋರ್ಟಿನ ಮೊಹರು ಇರಬೇಕು. ಯಾವ ದಿನದೊಳಗೆ ಜಾರಿ ಮಾಡಬೇಕು ಅನ್ನೋದೂ ಬರೆದಿರಬೇಕು. "ತೋರಿಸ್ರಿ ಸಾರ್, ಓದ್ತೀನಿ" ಅನ್ನೋದು ನಿಮ್ಮ ಹಕ್ಕು. ಸಾಲಗಾರನ ಹೆಸರು, ಕೇಸಿನ ನಂಬರು, ಮೊತ್ತ ಬರಕೊಳ್ಳಿ, ಆದರೆ ಫೋಟೋ ತೆಗೆದರೆ ಇನ್ನೂ ಚೆನ್ನ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಜಪ್ತಿಗಾಗಿ ಮನೆಯೊಳಗೆ ಕಾಲಿಡುವಂತಿಲ್ಲ. ಇದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 62ನೇ ಕಲಮು. ಇಷ್ಟೆಲ್ಲ ಸರಿಯಿದ್ದರೆ ಅಡ್ಡ ಮಲಗಬೇಡಿ, ತಳ್ಳಾಡಬೇಡಿ. ಅವನು ಸರ್ಕಾರಿ ನೌಕರ, ಅವನ ಕೆಲಸಕ್ಕೆ ಅಡ್ಡಿ ಮಾಡಿದ್ದೇ ಹೊಸ ಕ್ರಿಮಿನಲ್ ಕೇಸಾಗುತ್ತೆ. ತಕರಾರಿಗೆ ಜಾಗ ಬೀದಿಯಲ್ಲ, ಅವನನ್ನ ಕಳಿಸಿದ ಕೋರ್ಟು.

ತಪ್ಪು ಜಪ್ತಿ ಹೆಂಗಾಗುತ್ತೆ ಅಂದ್ರೆ, ಹೀಗೆ ಇಟ್ಟುಕೊಳ್ಳಿ: ಸಾಲ ಮಾಡಿದೋನು ಅಣ್ಣ, ಆಟೋ ಇರೋದು ತಮ್ಮನ ಹೆಸರಲ್ಲಿ. ಇಬ್ಬರೂ ಒಂದೇ ಅಂಗಳದಲ್ಲಿದ್ದಾರೆ. ಸಾಲ ಕೊಟ್ಟೋನು ಬೆರಳು ತೋರಿಸ್ತಾನೆ, ಅಮೀನ ಆಟೋ ಹಿಡೀತಾನೆ. ಇದಕ್ಕೆ ಅದೇ ಸಂಹಿತೆಯ 21ನೇ ಆದೇಶದ 58ನೇ ನಿಯಮ ಇದೆ. ತಮ್ಮ ಅದೇ ಕೋರ್ಟಿಗೆ ಹೋಗಿ, ಈ ಗಾಡಿ ನನ್ನದು, ಡಿಕ್ರಿ ನನ್ನ ಮೇಲಿಲ್ಲ ಅಂತ ಆರ್‌ಸಿ, ಇನ್ಶೂರೆನ್ಸ್, ಕಂತು ಕಟ್ಟಿದ ಪಾಸ್‌ಬುಕ್ಕು ಇಟ್ಟು ಅರ್ಜಿ ಹಾಕಬೇಕು. 1976ರ ತಿದ್ದುಪಡಿ ಆದಮೇಲೆ ಇದಕ್ಕೆ ಬೇರೆ ದಾವಾ ಬೇಕಿಲ್ಲ. ಹಕ್ಕಿನ ಪ್ರಶ್ನೆಯನ್ನೆಲ್ಲ ಆ ಕೋರ್ಟೇ ತೀರ್ಮಾನಿಸುತ್ತೆ, ಆ ತೀರ್ಮಾನದ ಮೇಲೆ ಅಪೀಲೂ ಉಂಟು. ಆದರೆ ಹರಾಜಾದ ಮೇಲೆ ಹೋದರೆ ಅರ್ಜಿಯನ್ನೇ ತಗೊಳ್ಳಲ್ಲ. ಬೇಕಂತಲೇ ತಡಮಾಡಿದ್ದಾರೆ ಅಂತ ಕಂಡರೂ ತಗೊಳ್ಳಲ್ಲ. ಜಾತ್ರೆ ಮುಗೀಲಿ, ಕುಯ್ಲು ಮುಗೀಲಿ ಅಂತ ಕೂತರೆ ಗಾಡಿ ಹೋಯ್ತು ಅಂತಲೇ ಲೆಕ್ಕ.

ಸಾಲ ನಿಜ, ಆದರೆ ಕೇಸು ನಡೆದದ್ದೇ ಗೊತ್ತಿಲ್ಲ, ಸಮನ್ಸು ಕೈಗೆ ಬಂದಿಲ್ಲ ಅನ್ನೋದು ನಮ್ಮ ಕೇರಿಗಳಲ್ಲಿ ಮಾಮೂಲು. ಆಗ ಅದು ಏಕಪಕ್ಷೀಯ ಡಿಕ್ರಿ. 9ನೇ ಆದೇಶದ 13ನೇ ನಿಯಮದಂತೆ ಅದನ್ನ ರದ್ದು ಮಾಡಿಸಬಹುದು. ಸಮನ್ಸು ಸರಿಯಾಗಿ ಜಾರಿಯಾಗಿಲ್ಲದಿದ್ದರೆ, ಡಿಕ್ರಿ ಗೊತ್ತಾದ ದಿನದಿಂದ 30 ದಿನ ಅವಕಾಶ. ಅಮೀನ ಬಾಗಿಲಿಗೆ ಬಂದ ದಿನವೇ ನಿಮಗೆ ಗೊತ್ತಾದ ದಿನ ಅಂತ ಕೋರ್ಟು ಎಣಿಸಬಹುದು, ಮರೀಬೇಡಿ.

60ನೇ ಕಲಮಿನಲ್ಲಿ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿ ಇದೆ. ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ರೈತನ ಬೇಸಾಯದ ಉಪಕರಣ, ಬದುಕಿಗೆ ಬೇಕಾದ ದನ, ಬೀಜದ ಕಾಳು, ಕೂಲಿಯವನ ಕೂಲಿ. ಜೀನ್ಸ್ ಹೊಲಿಯುವ ತಾಯಿಯ ಸ್ವಂತ ಮಿಷನ್ನಿಗೆ ಈ ರಕ್ಷಣೆ ಕೇಳೋದು ಸುಲಭ. ಆಟೋ, ಗೂಡ್ಸ್ ಗಾಡಿ ಅಂತ ಆ ಪಟ್ಟಿಯಲ್ಲಿ ಎಲ್ಲೂ ಬರೆದಿಲ್ಲ. 1908ರಲ್ಲಿ ಬರೆದೋರಿಗೆ ಆಟೋ ಡ್ರೈವರ್ ಎಲ್ಲಿ ಕಾಣಬೇಕು! ವಾದ ಮಾಡಬಹುದು, ಮಾಡಬೇಕು ಕೂಡ. ಅದೊಂದನ್ನೇ ನಂಬಿಕೊಂಡು ಹೋಗಬಾರದು ಅಂತ ನನ್ನ ಅಭಿಪ್ರಾಯ.

ಈಗ ಸೀಜಿಂಗ್ ಹುಡುಗರು. ನಿಜ ಹೇಳಬೇಕಂದ್ರೆ ಹತ್ತರಲ್ಲಿ ಒಂಬತ್ತು ಸಲ ನಮ್ಮ ಮನೆಗೆ ಬರೋರು ಇವರೇ. ಅವರೂ ನಮ್ಮಂಥದೇ ಕೇರಿಯ ನಿರುದ್ಯೋಗಿ ಹುಡುಗರಾಗಿರ್ತಾರೆ, ಗಾಡಿಗೆ ಇಷ್ಟು ಅಂತ ಕಮಿಷನ್ನು. ಸಿರುಗುಪ್ಪ ರಸ್ತೆಯಲ್ಲಿ ಬೈಕ್ ಅಡ್ಡ ಹಾಕಿ, ಕೀಲಿ ಕಿತ್ತುಕೊಂಡು, "ಕೋರ್ಟ್ ಆರ್ಡರ್ ಐತೆ" ಅಂತಾರೆ. ಕೋರ್ಟ್ ಆರ್ಡರ್ ಇದ್ದರೆ ತೋರಿಸಲಿ. ಕೆಲವು ಸಲ ನಿಜಕ್ಕೂ ಇರುತ್ತೆ. ಕಂಪನಿ ದೂರದ ಊರಿನಲ್ಲಿ ಆರ್ಬಿಟ್ರೇಶನ್ ಹೂಡಿ, ಕೋರ್ಟಿನಿಂದ ರಿಸೀವರ್ ನೇಮಕ ಮಾಡಿಸಿರುತ್ತೆ. ಆಗ ಆದೇಶದ ಪ್ರತಿ ಕೇಳಿ ವಕೀಲರ ಹತ್ತಿರ ಓಡಬೇಕು. "ಠಾಣೆಗೆ ತಿಳಿಸಿದ್ದೀವಿ" ಅನ್ನೋ ಮಾತು ಆದೇಶವಲ್ಲ. ಠಾಣೆಗೆ ಒಂದು ಚೀಟಿ ಕೊಟ್ಟರೆ ಯಾರಿಗೂ ಅಧಿಕಾರ ಹುಟ್ಟೋದಿಲ್ಲ.

ಸುಪ್ರೀಂ ಕೋರ್ಟು 2007ರಲ್ಲಿ ಐಸಿಐಸಿಐ ಬ್ಯಾಂಕ್ ಮತ್ತು ಪ್ರಕಾಶ್ ಕೌರ್ ಪ್ರಕರಣದಲ್ಲಿ, ಸಾಲ ವಸೂಲಿಗೆ ತೋಳ್ಬಲದವರನ್ನು ಕಳಿಸೋದನ್ನ ಖಂಡಿಸಿತು. 2011ರಲ್ಲಿ ಸಿಟಿಕಾರ್ಪ್ ಮಾರುತಿ ಫೈನಾನ್ಸ್ ಪ್ರಕರಣದಲ್ಲಿ, ಕಂತು ಬಾಕಿ ಇದ್ದರೂ ಗಾಡಿಯನ್ನ ಕಾನೂನಿನ ದಾರಿಯಲ್ಲೇ ವಾಪಸು ಪಡೀಬೇಕು, ಬಲ ಬಳಸಬಾರದು ಅಂತ ಮತ್ತೆ ಹೇಳಿತು. 2023ರಲ್ಲಿ ಪಾಟ್ನಾ ಹೈಕೋರ್ಟು ಇಂಥ ಸೀಜಿಂಗನ್ನ ಬದುಕುವ ಹಕ್ಕಿನ ಮೇಲಿನ ದಾಳಿ ಅಂತ ಕರೆದು ಕಂಪನಿಗಳಿಗೆ ದಂಡ ಹಾಕಿತು. ಇನ್ನೊಂದು ಮುಖವನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದಂಗಾಗುತ್ತೆ. 2020ರ ಮ್ಯಾಗ್ಮಾ ಫಿನ್‌ಕಾರ್ಪ್ ತೀರ್ಪಿನಲ್ಲಿ ಅದೇ ಸುಪ್ರೀಂ ಕೋರ್ಟು, ಹೈರ್ ಪರ್ಚೇಸ್ ಕರಾರಿನಲ್ಲಿ ಕೊನೆ ಕಂತು ತೀರುವ ತನಕ ಫೈನಾನ್ಸಿನವನೇ ಮಾಲೀಕ, ಬಲವಿಲ್ಲದೆ ಗಾಡಿ ತಗೊಂಡರೆ ಅಪರಾಧವಲ್ಲ ಅಂದಿದೆ. ಆದ್ದರಿಂದ "ಕಳ್ಳತನ" ಅಂತ ಒಂದೇ ಪದ ಹಿಡಿದು ಠಾಣೆಗೆ ಹೋದರೆ ಕೇಸು ನಿಲ್ಲೋದು ಕಷ್ಟ. ಏನಾಯ್ತು ಅನ್ನೋದನ್ನ ಬರೀರಿ: ದಾರಿ ಅಡ್ಡಗಟ್ಟಿದ್ದು, ಹೊಡೆದದ್ದು, ಬೆದರಿಸಿದ್ದು, ಗಾಡಿಯಲ್ಲಿದ್ದ ದುಡ್ಡು ಸಾಮಾನು ಹೋದದ್ದು. ಇವೆಲ್ಲ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆ ಬೇರೆ ಅಪರಾಧಗಳು. ಠಾಣೆಯವರು ದೂರು ತಗೊಳ್ಳದಿದ್ದರೆ ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರು.

2022ರ ಸೆಪ್ಟೆಂಬರಿನಲ್ಲಿ ಜಾರ್ಖಂಡಿನ ಹಜಾರಿಬಾಗಿನಲ್ಲಿ ಕಂತು ಬಾಕಿಯ ಟ್ರ್ಯಾಕ್ಟರನ್ನ ಎಳೆದೊಯ್ಯುವಾಗ, ಆ ಮನೆಯ ಗರ್ಭಿಣಿ ಮಗಳು ಅದೇ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿ ಸತ್ತಳು. ಆಮೇಲೆ ರಿಸರ್ವ್ ಬ್ಯಾಂಕು ಮಹೀಂದ್ರಾ ಫೈನಾನ್ಸಿಗೆ ಹೊರಗಿನ ಏಜೆಂಟರ ಮೂಲಕ ವಸೂಲಿ ನಿಲ್ಲಿಸು ಅಂತ ಕೆಲವು ತಿಂಗಳು ತಡೆ ಹಾಕಿತು. ಅದಕ್ಕೂ ಮುಂಚೆ ಆಗಸ್ಟ್ 12ರಂದೇ, ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ಸುತ್ತೋಲೆ ಬಂದಿತ್ತು. 2008ರ ಸುತ್ತೋಲೆಯ ಪ್ರಕಾರ ಬ್ಯಾಂಕಿನ ಏಜೆಂಟನ ಹತ್ತಿರ ಗುರುತಿನ ಚೀಟಿ, ಅಧಿಕಾರಪತ್ರ, ನೋಟೀಸಿನ ಪ್ರತಿ ಇರಬೇಕು. ಮೂರನ್ನೂ ಕೇಳಿ, ಕೇಳುವಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ.

ಇವರ ದೊಡ್ಡ ಆಟ ಒಂದಿದೆ. ಗಾಡಿ ಎಳೆದ ಮೇಲೆ ಒಂದು ಫಾರಂ ಮುಂದಿಟ್ಟು ಸಹಿ ಹಾಕು ಅಂತಾರೆ. ಅದರಲ್ಲಿ "ನಾನಾಗಿಯೇ ಗಾಡಿ ಒಪ್ಪಿಸಿದ್ದೇನೆ" ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತೆ. ಅಪ್ಪ ಹೆಬ್ಬೆಟ್ಟು ಒತ್ತಿದರೆ ಬಲವಂತದ ಕಥೆ ಅಲ್ಲಿಗೇ ಮುಗೀತು. ಸಹಿ ಹಾಕಬೇಡಿ. ಅನಿವಾರ್ಯ ಆದರೆ ಕನ್ನಡದಲ್ಲೇ "ನನ್ನ ಒಪ್ಪಿಗೆ ಇಲ್ಲ" ಅಂತ ಬರೆದು ಹಾಕಿ. ಮಾರನೇ ದಿನವೇ ಕಂಪನಿಗೆ ರಿಜಿಸ್ಟರ್ಡ್ ಪತ್ರ ಹೋಗಬೇಕು: ಸಾಲದ ಲೆಕ್ಕ ಕೊಡಿ, ಕರಾರಿನ ಪ್ರತಿ ಕೊಡಿ, ನನಗೆ ತಿಳಿಸದೆ ಮಾರಬೇಡಿ. ಬಳ್ಳಾರಿ ಆರ್‌ಟಿಓಗೆ, ಅಂದರೆ ನಿಮ್ಮ ಗಾಡಿ ಕೆಎ 34 ಆಗಿದ್ದರೆ, ಇನ್ನೊಂದು ಪತ್ರ. ಯಾಕಂದ್ರೆ 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಮಿನಂತೆ ಫೈನಾನ್ಸಿನವನ ಹೆಸರಿಗೆ ಹೊಸ ಆರ್‌ಸಿ ಕೊಡುವ ಮುಂಚೆ ಮಾಲೀಕನಿಗೆ ನೋಟೀಸು ಕೊಟ್ಟು ಅವನ ಮಾತು ಕೇಳಬೇಕು. ಮನೆ ಬದಲಿಸಿ ಆರ್‌ಸಿಯಲ್ಲಿ ಹಳೇ ವಿಳಾಸವೇ ಇದ್ದರೆ ಆ ನೋಟೀಸು ಹಳೇ ಮನೆಗೇ ಹೋಗಿ ವಾಪಸಾಗುತ್ತೆ. ಹಾಂ, ಕಂತು ಪೂರ್ತಿ ತೀರಿಸಿದವರೂ ಕೇಳಿ. ಎನ್‌ಓಸಿ ತಗೊಂಡು 35ನೇ ನಮೂನೆ ಕೊಟ್ಟು ಆರ್‌ಸಿಯಿಂದ ಸಾಲದ ನಮೂದನ್ನ ತೆಗೆಸಿಬಿಡಿ. ತೆಗೆಸದಿದ್ದರೆ ದಾಖಲೆಯಲ್ಲಿ ನೀವು ಸಾಲಗಾರರೇ.

ತಪ್ಪಾಗಿ ಹಿಡಿದದ್ದಕ್ಕೆ ಪರಿಹಾರ ಬೇಕಾದರೆ ಬಳ್ಳಾರಿಯ ಜಿಲ್ಲಾ ಗ್ರಾಹಕ ಆಯೋಗ. ಬಾಡಿಗೆ ಗಾಡಿಯವನು ಗ್ರಾಹಕನಲ್ಲ ಅಂತ ಕಂಪನಿಯ ವಕೀಲ ವಾದಿಸ್ತಾನೆ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ತಗೊಂಡಿದ್ದರೆ 2019ರ ಕಾಯ್ದೆಯಲ್ಲೂ ಅವನು ಗ್ರಾಹಕನೇ. ಎರಡು ವರ್ಷದೊಳಗೆ ಹೋಗಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ ಅಂತ 2020ರ ನಿಯಮ. ಕಂಪನಿ 30 ದಿನದಲ್ಲಿ ದೂರಿಗೆ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೂ ಬರೀಬಹುದು. ಲೈಸೆನ್ಸೇ ಇಲ್ಲದ ಬಡ್ಡಿಯವರಾದರೆ 2025ರಲ್ಲಿ ಕರ್ನಾಟಕ ತಂದ ಕಿರುಸಾಲ ಕಾನೂನಿದೆ. ಬಲವಂತದ ವಸೂಲಿಗೆ ಹತ್ತು ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ.

ಪೊಲೀಸರು ಕೇಸಿನಲ್ಲಿ ಹಿಡಿದ ಗಾಡಿ ಠಾಣೆ ಅಂಗಳದಲ್ಲಿ ತುಕ್ಕು ಹಿಡಿಯಬೇಕಿಲ್ಲ. 2002ರ ಸುಂದರ್‌ಭಾಯ್ ದೇಸಾಯಿ ತೀರ್ಪು ತೋರಿಸಿ ಬಾಂಡ್ ಕೊಟ್ಟು ಮ್ಯಾಜಿಸ್ಟ್ರೇಟರಿಂದ ಬಿಡಿಸಿಕೊಳ್ಳಬಹುದು.

ಒಬ್ಬ ಗೆಳೆಯ ಕೇಳಿದ: ಸಾರ್, ಇದಕ್ಕೆ ಅಟ್ರಾಸಿಟಿ ಹಾಕಬಹುದಾ? ಗಾಡಿ ಹಿಡಿದದ್ದಕ್ಕೇ ಹಾಕಲಿಕ್ಕಾಗಲ್ಲ. ನಾಲ್ಕು ಜನರ ಮುಂದೆ ಜಾತಿ ಎತ್ತಿ ಬೈದಿದ್ದರೆ 1989ರ ಕಾಯ್ದೆಯ 3ನೇ ಕಲಮು ಬರುತ್ತೆ. ಬೈದ ಮಾತು, ಜಾಗ, ಕೇಳಿದವರ ಹೆಸರು ಅವತ್ತೇ ಬರೆದಿಡಿ. ಬರೀ ಕಂತಿನ ಜಗಳಕ್ಕೆ ಆ ಕಾಯ್ದೆ ಎಳೆದು ತಂದರೆ, ನಿಜವಾಗಿ ಬೇಕಾದೋನಿಗೆ ಅದು ಮೊಂಡಾಗುತ್ತೆ.

ವಕೀಲರಿಗೆ ದುಡ್ಡೆಲ್ಲಿ ಅಂತೀರಿ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ಯಾವುದೇ ಜಾತಿಯ ಹೆಂಗಸರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರು ಸಿಗ್ತಾರೆ. ಸಿರುಗುಪ್ಪದವರು ಅಲ್ಲಿನ ಕೋರ್ಟಿನ ತಾಲೂಕು ಸಮಿತಿಗೆ ಹೋಗಿ. ಕುರುಗೋಡಿನವರು, ಬಳ್ಳಾರಿಯವರು ಜಿಲ್ಲಾ ಪ್ರಾಧಿಕಾರಕ್ಕೆ. ಜಾತಿ ಪ್ರಮಾಣಪತ್ರ, ಆರ್‌ಸಿ, ಕಂತಿನ ರಸೀದಿ, ಏಜೆಂಟ್ ಕೊಟ್ಟ ಚೀಟಿ ಇದ್ದರೆ ಒಯ್ಯಿರಿ. ಫೋನ್ ನಂಬರು 15100, ಬರಕೊಳ್ಳಿ.