ಅಣ್ಣನ ಮಗನ ಮೋಟಾರ್ ಸೈಕಲ್

ಒಂದು ಭಾನುವಾರ ಬೆಳಿಗ್ಗೆ ನಮ್ಮ ಅಣ್ಣನ ಮಗ ಒಂದು ಮೋಟಾರ್ ಸೈಕಲ್ ತಂದ. ಏರಿಕೊಂಡು ಬಂದನೆಂದು ಹೇಳಲಾರೆ. ಟೆಂಪೋದಲ್ಲಿ ಹೇರಿಕೊಂಡು ಬಂದ. ಹಾಸನದ ನಮ್ಮ ಮನೆಯ ಮುಂದೆ ಇಳಿಸುವಾಗ ಅದರ ಸೈಲೆನ್ಸರಿನೊಳಗಿಂದ ಒಂದು ಹಲ್ಲಿ ಹೊರಬಿದ್ದು ಓಡಿತು. “ಚಿಕ್ಕಪ್ಪಾ, ರಾಜದೂತ್ 350!” ಎಂದ. ಪಟ್ಟದ ಆನೆಯನ್ನು ಮನೆಗೆ ಕರೆತಂದವನ ಧಾಟಿ.

ಈ ಗಾಡಿಯ ಕುಲಗೋತ್ರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಜಪಾನಿನ ಯಮಹಾ ಕಂಪನಿಯ ಆರ್.ಡಿ. 350 ಎಂಬ ಮಾದರಿಯನ್ನು ಎಸ್ಕಾರ್ಟ್ಸ್ ಕಂಪನಿಯವರು 1983ರಿಂದ ನಮ್ಮ ದೇಶದಲ್ಲಿ ತಯಾರಿಸಿ, ರಾಜದೂತ್ ಎಂಬ ಹೆಸರಿನಿಂದ ಮಾರಿದರು. 347 ಸಿ.ಸಿ.ಯ ಟೂ ಸ್ಟ್ರೋಕ್ ಎಂಜಿನ್, ಅಕ್ಕಪಕ್ಕ ಎರಡು ಸಿಲಿಂಡರು, ಒಂದೊಂದಕ್ಕೂ ಒಂದೊಂದು ಕಾರ್ಬುರೇಟರು, ಆರು ಗೇರು. ವೇಗಕ್ಕೆ ಹೆಸರಾದ ಗಾಡಿ. ಪೆಟ್ರೋಲ್ ಕುಡಿಯುವುದರಲ್ಲಿಯೂ ಆನೆಯೇ. ಹನ್ನೊಂದು ವರ್ಷ ಯಾರದೋ ಕೊಟ್ಟಿಗೆಯಲ್ಲಿ ನಿಂತಿದ್ದ ಇದನ್ನು ಹುಡುಗ ತನ್ನ ಎರಡು ವರ್ಷದ ಉಳಿತಾಯ ಸುರಿದು ಕೊಂಡಿದ್ದ.

ಕೊಂಡವನು ಮೊದಲು ಮಾಡಿದ್ದೇನು? ಅಲಂಕಾರ! ಹಳೆಯ ಸೈಲೆನ್ಸರುಗಳನ್ನು ಕಿತ್ತು, ಹೊಟ್ಟೆ ಉಬ್ಬಿದ ಚೇಂಬರ್ ಕೊಳವೆಗಳನ್ನು ಹಾಕಿಸಿದ. ಗಾಳಿಯ ಫಿಲ್ಟರಿನ ಪೆಟ್ಟಿಗೆಯನ್ನು ತೆಗೆದು, ಕಾರ್ಬುರೇಟರುಗಳ ಬಾಯಿಗೆ ಜಾಳಿಗೆಯ ಟೊಪ್ಪಿಗೆಗಳನ್ನು ತೊಡಿಸಿದ. ಹ್ಯಾಂಡಲನ್ನು ತಗ್ಗಿಸಿದ. ಗಾಡಿ ಹೇಗೋ ಶುರುವಾಯಿತು. ಬೀದಿಯ ನಾಯಿಗಳೆಲ್ಲ ಎದ್ದು ಕೂತವು. ಮರುವಾರವೇ ಸ್ನೇಹಿತನ ಮದುವೆಗೆಂದು ಮಂಗಳೂರಿನ ದಾರಿ ಹಿಡಿದ.

ಶಿರಾಡಿ ಘಾಟಿಯನ್ನು ಇಳಿದು, ಉಪ್ಪಿನಂಗಡಿಯ ಕಡೆಯ ನೇರ ರಸ್ತೆಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದನಂತೆ. ಎಂಜಿನಿನ ಸ್ವರ ತೆಳ್ಳಗಾಯಿತು. ಮರುಗಳಿಗೆಗೆ ಹಿಂದಿನ ಚಕ್ರ ಕಚ್ಚಿಕೊಂಡಿತು. ಹಿಂದೆ ಒಂದು ಲಾರಿ. ಹುಡುಗನ ಎಡಗೈ ತಾನಾಗಿಯೇ ಕ್ಲಚ್ ಹಿಡಿಯಿತು, ಚಕ್ರ ಬಿಟ್ಟಿತು, ಗಾಡಿ ಮಣ್ಣಿಗೆ ಜಾರಿ ನಿಂತಿತು. ಮೊಣಕಾಲು ತರಚಿದ್ದಷ್ಟೆ. ಅತ್ತಿಗೆಗೆ ಈ ಲಾರಿಯ ಸಂಗತಿ ಇನ್ನೂ ತಿಳಿಯದು; ಈ ಭಾಷಣವನ್ನು ಅವರು ಕೇಳದಿರಲಿ ಎಂದು ಹಾರೈಸುತ್ತೇನೆ.

ಆದದ್ದೇನೆಂದು ನಮ್ಮ ಹಳೆಯ ಮೇಸ್ತ್ರಿ ಪ್ಲಗ್ ಬಿಚ್ಚಿ ತೋರಿಸಿದರು. ಅದರ ತುದಿ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಕಾರ್ಬುರೇಟರಿನ ಕೆಲಸ ಅಡಿಗೆಯವರ ಕೆಲಸದಂತೆ, ಹದದ್ದು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಸೇರಿದರೆ ಪೂರ್ತಿ ಉರಿಯುತ್ತದೆ. ಪೆಟ್ರೋಲು ಹೆಚ್ಚಾದರೆ ಪ್ಲಗ್ ಮಸಿಯಾಗುತ್ತದೆ, ಹೊಗೆ ಬರುತ್ತದೆ. ಅದು ಜೇಬಿಗೆ ನಷ್ಟ. ಗಾಳಿ ಹೆಚ್ಚಾದರೆ ಎಂಜಿನು ಮಿತಿಮೀರಿ ಕಾಯುತ್ತದೆ. ಅಲ್ಯೂಮಿನಿಯಂ ಪಿಸ್ಟನ್ನು ತನ್ನ ಸುತ್ತಣ ಕಬ್ಬಿಣದ ತೋಳಿಗಿಂತ ಹೆಚ್ಚು ಹಿಗ್ಗಿ, ಅದರೊಳಗೇ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕರು ಇದನ್ನೇ ‘ಸೀಜ್ ಆಯಿತು’ ಎನ್ನುವುದು.

ನಮ್ಮ ಹುಡುಗ ಗಾಳಿ ಬರುವ ಬಾಗಿಲನ್ನೂ ಹೊಗೆ ಹೋಗುವ ಬಾಗಿಲನ್ನೂ ಅಗಲ ಮಾಡಿದ್ದ. ಪೆಟ್ರೋಲ್ ಅಳೆದು ಕೊಡುವ ಹಿತ್ತಾಳೆಯ ಜೆಟ್ಟನ್ನು ಮಾತ್ರ ಬದಲಿಸಿರಲಿಲ್ಲ. ಸಾಲದೆಂಬಂತೆ, ಹಾಸನ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಘಾಟಿ ಇಳಿದಂತೆ ಗಾಳಿ ದಟ್ಟವಾಗುತ್ತದೆ. ಮೇಲೆ ಹೇಗೋ ಸರಿದೂಗುತ್ತಿದ್ದ ಹದ ಕೆಳಗೆ ಕೆಡುತ್ತದೆ. ಇನ್ನು, ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇದೆ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಹಳೆಯ ಜೆಟ್ಟಿನಲ್ಲಿ ಇದೂ ಗಾಳಿಯ ಪಾಲು ಹೆಚ್ಚಾದಂತೆಯೇ. ಹಳೆಯ ರಬ್ಬರಿಗೂ ಅದು ಒಗ್ಗುವುದಿಲ್ಲ.

ಮತ್ತೊಂದು ಮಾತು, ಘಾಟಿಯಲ್ಲಿ ಟೂ ಸ್ಟ್ರೋಕ್ ಓಡಿಸುವವರಿಗೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲಿಯೇ ಇಳಿಯುತ್ತಾ ಹೋದರೆ ಎಂಜಿನು ಜೋರಾಗಿ ತಿರುಗುತ್ತದೆ, ಅದಕ್ಕೆ ಸಿಗುವ ಆಯಿಲ್ ಮಾತ್ರ ತೀರ ಕಡಿಮೆ. ಆಗಾಗ ಆಕ್ಸಿಲರೇಟರನ್ನು ಒಮ್ಮೆ ತೆರೆದು ಮುಚ್ಚುವುದು ವಾಸಿ.

ಸಿಲಿಂಡರನ್ನು ಕೊರೆಯಿಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಿಸಿದೆವು. ಆಮೇಲೆ ಕೆಲಸ ಶುರುವಾಯಿತು, ಈ ಸಲ ಮೊದಲಿನಿಂದ. ಹಳೆಯ ಸೈಲೆನ್ಸರೂ ಫಿಲ್ಟರಿನ ಪೆಟ್ಟಿಗೆಯೂ ಪುಣ್ಯಕ್ಕೆ ಗುಜರಿಗೆ ಹೋಗಿರಲಿಲ್ಲ, ಅವನ್ನೇ ಕೂಡಿಸಿದೆವು. ಟ್ಯಾಂಕಿನ ತುಕ್ಕು ತೊಳೆದೆವು. ಕಾರ್ಬುರೇಟರಿನೊಳಗೆ ನಿಂತ ಪೆಟ್ರೋಲು ಆರಿ ಅಂಟಿನಂತೆ ಕಟ್ಟಿತ್ತು; ಸಣ್ಣ ಜೆಟ್ಟಿನ ತೂತು ಕಣ್ಣಿಗೇ ಕಾಣದು. ಹುಡುಗ ತಂತಿ ತಂದ. ಮೇಸ್ತ್ರಿ ಅವನ ಕೈಯ ಮೇಲೆ ಒಂದು ಕೊಟ್ಟರು. ತಂತಿ ಹಾಕಿದರೆ ಹಿತ್ತಾಳೆ ಸವೆದು ಅಳತೆ ಕೆಡುತ್ತದೆ. ಔಷಧದಲ್ಲಿ ನೆನೆಸಿ ಗಾಳಿ ಊದಬೇಕು. ಕಾರ್ಬುರೇಟರಿಗೂ ಎಂಜಿನಿಗೂ ನಡುವಿನ ರಬ್ಬರನ್ನು ಬೆರಳಿನಿಂದ ಬಾಗಿಸಿದಾಗ ಬಿರುಕು ಕಂಡಿತು. ಅಲ್ಲಿಯೂ ಕಳ್ಳಗಾಳಿ! ಕ್ರ್ಯಾಂಕಿನ ಸೀಲುಗಳು ಗಟ್ಟಿಯಾಗಿ ಒಣಗಿದ್ದವು. ಒಂದು ಬದಿಯ ಸೀಲು ಹೋದರೆ ಗಾಳಿ ನುಗ್ಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನಿನ ಓಟ ತಗ್ಗುವುದಿಲ್ಲ. ಕ್ಲಚ್ಚಿನ ಬದಿಯದು ಹೋದರೆ ಗೇರಿನ ಆಯಿಲನ್ನು ಎಳೆದು ಸುಡುತ್ತದೆ, ಬಿಳಿ ಹೊಗೆ ನಿಲ್ಲದು. ನಿಂತ ಗಾಡಿ ಕೊಳ್ಳುವವರು ಸೀಲಿನ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಕೊನೆಗೆ ಎರಡು ಕಾರ್ಬುರೇಟರುಗಳನ್ನು ಹೊಂದಿಸುವುದು. ಒಂದೇ ಆಕ್ಸಿಲರೇಟರಿನಿಂದ ಎರಡಕ್ಕೂ ಕೇಬಲ್ ಹೋಗುತ್ತದೆ. ಎರಡರ ಒಳಗಿನ ತೆರೆಗಳೂ ಒಂದೇ ಕ್ಷಣಕ್ಕೆ ಏಳಬೇಕು. ಕೂದಲೆಳೆ ಹಿಂದುಮುಂದಾದರೂ ಗಾಡಿ ನಡುಗುತ್ತದೆ. ಮೇಸ್ತ್ರಿ ಎರಡು ತೂಬಿಗೂ ಬೆರಳಿಟ್ಟು, ಕಣ್ಣು ಮುಚ್ಚಿ, ತಂಬೂರಿ ಶ್ರುತಿ ಮಾಡುವವರಂತೆ ಅರ್ಧ ಗಂಟೆ ಕೂತರು. ನನಗೆ ಈ ಇಡೀ ವ್ಯವಹಾರದಲ್ಲಿ ಬಹಳ ಇಷ್ಟವಾದದ್ದು ಆ ಅರ್ಧ ಗಂಟೆ.

ಅಲಂಕಾರ ಪೂರ್ತಿ ಬೇಡವೆಂದೆನೆ? ಇಲ್ಲ. ಆದರೆ ಮೊದಲ ಹಣ ಬ್ರೇಕಿಗೆ ಹೋಗಲೆಂದೆ. ಜಪಾನಿನ ಮಾದರಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು. ನಮ್ಮಲ್ಲಿ ಬಂದದ್ದು ಡ್ರಮ್ ಬ್ರೇಕ್. ಅಷ್ಟು ಓಟಕ್ಕೆ ಅದು ಸಾಲದೆಂಬುದು ಓಡಿಸಿದವರೆಲ್ಲರ ದೂರು. ಡ್ರಮ್ ಸಾಣೆ ಹಿಡಿಸಿ, ಹೊಸ ಶೂ, ಹೊಸ ಟೈರು ಹಾಕಿಸಿದೆವು. ಬಣ್ಣ ಬದಲಿಸುವುದಾದರೆ ಆರ್.ಟಿ.ಓ. ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ಬರೆಯಿಸಬೇಕು. 15 ವರ್ಷ ದಾಟಿದ ಗಾಡಿಗೆ ನೋಂದಣಿಯ ನವೀಕರಣವೂ ಬೇಕು. ಆಗ ಊರೆದ್ದು ಕೂರುವ ಸೈಲೆನ್ಸರ್ ಹಾಕಿಕೊಂಡು ಹೋದರೆ ಕೆಲಸವಾಗದು. ಕಪ್ಪು ಬಣ್ಣ, ಹೊಸ ಸೀಟು, ಅಷ್ಟಕ್ಕೆ ಹುಡುಗ ಒಪ್ಪಿದ. ತಗ್ಗಿದ ಹ್ಯಾಂಡಲನ್ನು ಮಾತ್ರ ಬಿಟ್ಟುಕೊಡಲಿಲ್ಲ. ನನ್ನ ಬೆನ್ನಿಗೆ ಅದು ಒಗ್ಗುವುದಿಲ್ಲ, ಅವನ ಬೆನ್ನು ಅವನದು.

ಕಳೆದ ತಿಂಗಳು ಮತ್ತೆ ಮಂಗಳೂರಿಗೆ ಹೊರಟ. ಮಧ್ಯಾಹ್ನ ಗುಂಡ್ಯದಿಂದ ಫೋನು ಬಂತು. ನನ್ನ ಎದೆ ಧಸಕ್ಕೆಂದಿತು.

“ಚಿಕ್ಕಪ್ಪಾ, ಘಾಟಿ ಇಳಿದು ಪ್ಲಗ್ ಬಿಚ್ಚಿ ನೋಡಿದೆ.”

“ಯಾವ ಬಣ್ಣವೋ?”

“ಕಾಫಿಪುಡಿ ಬಣ್ಣ. ಎರಡೂ.”