ಅನ್ನ ಮೊದಲೋ, ಗ್ರಂಥ ಮೊದಲೋ?



ಮನೆಗೆ ಬೆಂಕಿ ಬಿದ್ದಾಗ ಮೊದಲು ಯಾರನ್ನು ಹೊರಗೆ ತರಬೇಕು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಗೂ ಅದು ಮುಗಿದ ಮೇಲೆ ಯಹೂದಿ ಧರ್ಮಗುರುಗಳಾದ ರಬ್ಬಿಗಳು ಬರೆದ ಪತ್ರಗಳು, ಕಳುಹಿಸಿದ ತಂತಿಗಳು ಈ ಕಠಿಣ ಪ್ರಶ್ನೆಯನ್ನೇ ಎದುರಿಸಬೇಕಾಯಿತು.

1939ರಲ್ಲಿ ಪೋಲೆಂಡ್ ಕುಸಿದಾಗ ಅಲ್ಲಿನ ಯೆಶಿವಾಗಳು, ಅಂದರೆ ತಾಲ್ಮುಡ್ ಗ್ರಂಥವನ್ನು ಅಭ್ಯಾಸ ಮಾಡಿಸುವ ವಿದ್ಯಾಪೀಠಗಳು, ವಿಲ್ನಾ ನಗರದಲ್ಲಿ ಆಶ್ರಯ ಪಡೆದವು. ಇವರ ನೆರವಿಗೆಂದೇ ಅಮೆರಿಕದ ಸಂಪ್ರದಾಯಸ್ಥ ರಬ್ಬಿಗಳು ಅದೇ ವರ್ಷ 'ವಾಅದ್ ಹತ್ಸಾಲಾ' ಎಂಬ ರಕ್ಷಣಾ ಸಮಿತಿಯನ್ನು ಕಟ್ಟಿದರು. ಸಿನ್ಸಿನಾಟಿಯ ರಬ್ಬಿ ಎಲಿಯೇಜರ್ ಸಿಲ್ವರ್ ಅದರ ಮುಂದಾಳು. ಮೀರ್ ಎಂಬ ಊರಿನ ಯೆಶಿವಾ, ಜಪಾನಿ ಅಧಿಕಾರಿ ಚಿಯುನೆ ಸುಗಿಹಾರ 1940ರಲ್ಲಿ ಕೊಟ್ಟ ವೀಸಾಗಳ ಬಲದಿಂದ ಸೈಬೀರಿಯ ದಾಟಿ ಕೋಬೆಗೆ ಬಂದು, 1941ರಲ್ಲಿ ಶಾಂಘೈ ಸೇರಿತು. ಅಲ್ಲಿಯೂ ಪಾಠ ನಿಲ್ಲಲಿಲ್ಲ. ಅವರ ಹೊಟ್ಟೆಪಾಡಿಗೆ ನ್ಯೂಯಾರ್ಕಿನಲ್ಲಿ ಹಣ ಕೂಡಿಸಿದವರು ರಬ್ಬಿ ಅಬ್ರಹಾಂ ಕಲ್ಮನೋವಿಟ್ಸ್.

ಆದರೆ ವಿದ್ವಾಂಸರಿಗೆ ಮಾತ್ರ ಬೇರೆ ನಿಧಿ ಏಕೆ? 1914ರಲ್ಲಿ ಸ್ಥಾಪನೆಯಾಗಿದ್ದ ದೊಡ್ಡ ಪರಿಹಾರ ಸಂಸ್ಥೆ 'ಜಾಯಿಂಟ್', ನೆರವು ಎಲ್ಲ ಯಹೂದಿಗಳಿಗೂ ಸಲ್ಲಬೇಕು ಎನ್ನುತ್ತಿತ್ತು. ಹಸಿವಿನ ಮುಂದೆ ದರ್ಜಿಯೂ ಒಂದೇ, ಪಂಡಿತನೂ ಒಂದೇ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹರಿದು ಬಂದ ವಿದ್ಯೆ ಒಮ್ಮೆ ಕಡಿದರೆ ಮತ್ತೆ ಕೂಡದು ಎಂಬುದು ರಬ್ಬಿಗಳ ವಾದ. ಬರಗಾಲದಲ್ಲೂ ರೈತ ಬಿತ್ತನೆಯ ಭತ್ತವನ್ನು ಎತ್ತಿಡುತ್ತಾನಲ್ಲವೇ? ಆದರೆ ಹಸಿದ ಮಗುವಿನ ಮುಂದೆ ಬೀಜದ ಮೂಟೆಯನ್ನು ಕಟ್ಟಿಡುವುದು ಎಷ್ಟು ಸರಿ? ಎರಡೂ ಮಾತಿನಲ್ಲಿ ಸತ್ಯವಿತ್ತು. ಸಾವಿನ ಸುದ್ದಿಗಳು ದಟ್ಟವಾದಾಗ, 1944ರ ಆರಂಭದಲ್ಲಿ, ವಾಅದ್ ಸಮಿತಿಯೇ ತನ್ನ ಕೆಲಸವನ್ನು ಎಲ್ಲ ಯಹೂದಿಗಳ ರಕ್ಷಣೆಗೆ ವಿಸ್ತರಿಸಿತು.

ಯುದ್ಧ ಮುಗಿದ ಮೇಲೆ ಬೇಡಿಕೆಗಳು ಬದಲಾದವು: ಧರ್ಮಸಮ್ಮತವಾದ ಆಹಾರ, ವೀಸಾ, ಪುಸ್ತಕ. ಅಮೆರಿಕದ 1924ರ ವಲಸೆ ಕಾಯ್ದೆಯಲ್ಲಿ ದೇಶವಾರು ಕೋಟಾ ಇತ್ತು. ಧರ್ಮಬೋಧಕರಿಗೆ ಅದರಿಂದ ವಿನಾಯಿತಿ ಇತ್ತು. ಹೀಗಾಗಿ ಇಲ್ಲಿ ನಿಮಗೆ ಕೆಲಸ ಕಾದಿದೆ ಎಂಬ ಒಂದು ಕಾಗದಕ್ಕೆ ಇನ್ನಿಲ್ಲದ ಬೆಲೆ ಬಂತು.

ಡಖಾವ್ ಶಿಬಿರದಿಂದ ಬದುಕಿ ಬಂದ ರಬ್ಬಿ ಸ್ನೀಗ್ ಮತ್ತು ರಬ್ಬಿ ರೋಸ್ ಇನ್ನೊಂದು ಬೇಡಿಕೆ ಮುಂದಿಟ್ಟರು. ಜರ್ಮನಿಯ ನೆಲದಲ್ಲೇ ತಾಲ್ಮುಡ್ ಅಚ್ಚಾಗಬೇಕು! 1946ರಲ್ಲಿ ಅಮೆರಿಕದ ಸೇನೆ ಒಪ್ಪಿತು. ಕಾಗದಕ್ಕೆ ಬರ, ಮಾದರಿಗೆ ಅಲ್ಲಿ ಪೂರ್ಣ ಪ್ರತಿಯೂ ಸಿಗದೆ ನ್ಯೂಯಾರ್ಕಿನಿಂದ ತರಿಸಬೇಕಾಯಿತು. ಜಾಯಿಂಟ್ ಕೈಜೋಡಿಸಿತು. 1948ರ ಮುದ್ರೆಯ 19 ಸಂಪುಟಗಳು ಹೈಡೆಲ್‌ಬರ್ಗಿನಲ್ಲಿ ಅಚ್ಚಾದವು. ಮುಖಪುಟದ ಮೇಲ್ಭಾಗದಲ್ಲಿ ತಾಳೆ ಮರಗಳು, ಕೆಳಗೆ ಮುಳ್ಳುತಂತಿಯ ಶಿಬಿರ.

ಅನ್ನವೋ ಗ್ರಂಥವೋ ಎಂಬ ವಾದ ಅಲ್ಲಿಗೆ ತೀರಲಿಲ್ಲ. ಆದರೆ ಎಲ್ಲವನ್ನೂ ಕಳೆದುಕೊಂಡ ಮನುಷ್ಯ ರೊಟ್ಟಿಯ ಜೊತೆಗೆ ಪುಸ್ತಕವನ್ನೂ ಕೇಳುತ್ತಾನೆ ಎಂಬುದನ್ನು ಆ ಸಂಪುಟಗಳು ತೋರಿಸಿಕೊಟ್ಟವು. ನೆರವು ನೀಡುವವರು ಈ ಮಾತನ್ನು ಮರೆಯಬಾರದು.